ಹುಟ್ಟು ಹೃದ್ರೋಗದ ಶಿಶುಗಳೂ ಅವರ ತಾಯ್ತಂದೆಗಳೂ: ಒಂದು ಚಾರಿತ್ರಿಕ ವಿವೇಚನೆ

ಇತಿಹಾಸ ಶಾಖೆಯ ಸಂಶೋಧನ ಪತ್ರಿಕೆಯಲ್ಲಿ ಹೃದ್ರೋಗದ ಪ್ರಸ್ತಾಪವೇಕೆಂದು ಕೆಲವು ವಾಚಕರಿಗೆ ತೋರಬಹುದು. ಶಾಸನ, ಸನದು, ಕೈಫಿಯತ್ತುಗಳ ನಡುವೆ ಈ ವಿಷಯಕ್ಕೆ ಎಡೆಯಿಲ್ಲವೆಂದು ಹೇಳುವವರೂ ಉಂಟು. ಆದರೆ ಮನುಷ್ಯನ ದುಃಖಕ್ಕೂ ಒಂದು ಚರಿತ್ರೆಯಿದೆ. ಒಂದು ಕಾಲದಲ್ಲಿ ಯಾರ ಕಣ್ಣಿಗೂ ಬೀಳದೆ ಮನೆಯ ಮೂಲೆಯಲ್ಲಿ ಕುಳಿತಿದ್ದ ದುಃಖ ಮತ್ತೊಂದು ಕಾಲದಲ್ಲಿ ವಿದ್ವಾಂಸರ ಅಧ್ಯಯನಕ್ಕೂ ಸರ್ಕಾರದ ವಿಚಾರಣೆಗೂ ವಸ್ತುವಾಗುತ್ತದೆ. ಈ ಬದಲಾವಣೆ ತಾನಾಗಿ ಆಗುವಂಥದಲ್ಲ. ಹೃದಯದಲ್ಲಿ ದೋಷವನ್ನು ಹೊತ್ತು ಹುಟ್ಟಿದ ಶಿಶುಗಳ ಶಸ್ತ್ರಚಿಕಿತ್ಸೆಯ ಕಥೆಯನ್ನು ಶಸ್ತ್ರವೈದ್ಯರ ಸಾಹಸಕಥೆಯಾಗಿ ಹಲವರು ಬರೆದಿದ್ದಾರೆ. ಅದೇ ಕಥೆಯನ್ನು ಶಸ್ತ್ರಕ್ರಿಯೆಯ ಕೊಠಡಿಯ ಹೊರಗೆ ಬೆಂಚಿನ ಮೇಲೆ ಕುಳಿತವರ ಕಡೆಯಿಂದ ನೋಡಿದರೆ ಏನು ಕಾಣುತ್ತದೆ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ರೋಗದ ವಿಷಯವಾಗಿ ಎರಡು ಮಾತು. ಹುಟ್ಟುವ ಸಾವಿರ ಶಿಶುಗಳಲ್ಲಿ ಸುಮಾರು ೮ ಅಥವಾ ೯ಕ್ಕೆ ಹೃದಯದ ರಚನೆಯಲ್ಲಿ ಏನಾದರೊಂದು ಊನವಿರುತ್ತದೆ. ಇವುಗಳಲ್ಲಿ ಎಷ್ಟೋ ದೋಷಗಳು ಅಲ್ಪವಾದವು, ಕೆಲವು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಆದರೆ ಸುಮಾರು ಕಾಲುಭಾಗ ಗಂಭೀರವಾದವು. ಮಾರ್ಸೇಲ್ಸ್ ನಗರದ ವೈದ್ಯ ಫಾಲೋ ೧೮೮೮ರಲ್ಲಿ ವರ್ಣಿಸಿದ ‘ನೀಲಿ ರೋಗ’ ಇಂಥದೊಂದು. ಅದರಲ್ಲಿ ಶ್ವಾಸಕೋಶಕ್ಕೆ ಹೋಗುವ ರಕ್ತದ ದಾರಿ ಕಿರಿದಾಗಿರುತ್ತದೆ, ಹೃದಯದ ಕೆಳಗಿನ ಎರಡು ಕೋಣೆಗಳ ನಡುವಣ ಗೋಡೆಯಲ್ಲಿ ರಂಧ್ರವಿರುತ್ತದೆ, ಮಹಾಧಮನಿ ತನ್ನ ಸ್ಥಾನ ಬಿಟ್ಟು ಆ ರಂಧ್ರದ ಮೇಲೆ ಬಂದು ಕುಳಿತಿರುತ್ತದೆ, ಬಲಗೋಣೆಯ ಮಾಂಸ ದಪ್ಪಗಾಗಿರುತ್ತದೆ. ಹೀಗಾಗಿ ಪ್ರಾಣವಾಯು ಸಾಲದ ರಕ್ತವೇ ಮೈಯಲ್ಲೆಲ್ಲ ಹರಿದು ಮಗುವಿನ ತುಟಿ, ಉಗುರುಗಳು ನೀಲಿಗಟ್ಟುತ್ತವೆ. ನಾಲ್ಕು ಹೆಜ್ಜೆ ನಡೆದ ಕೂಡಲೆ ಮಗು ಕುಕ್ಕರುಗಾಲಿನಲ್ಲಿ ಕುಳಿತುಬಿಡುತ್ತದೆ. ಹಾಗೆ ಕುಳಿತರೆ ಉಸಿರಾಟ ಸರಾಗವೆಂಬುದನ್ನು ಅದಕ್ಕೆ ಯಾರೂ ಕಲಿಸಿರುವುದಿಲ್ಲ. ಮಾಂಟ್ರಿಯಲ್ಲಿನ ಮಾಡ್ ಆಬಟ್ ಎಂಬ ವೈದ್ಯೆ ಇಂಥ ಸಾವಿರ ಹೃದಯಗಳನ್ನು ಪರೀಕ್ಷಿಸಿ ೧೯೩೬ರಲ್ಲಿ ಚಿತ್ರಸಂಪುಟವೊಂದನ್ನು ಪ್ರಕಟಿಸಿದರು. ಆ ಮಹಾಗ್ರಂಥಕ್ಕೆ ಆಧಾರವಾದುದು ಬಹುಮಟ್ಟಿಗೆ ಶವಪರೀಕ್ಷೆ ಎಂಬುದನ್ನು ಮರೆಯುವಂತಿಲ್ಲ. ಆ ವರೆಗೆ ಈ ರೋಗದ ಜ್ಞಾನವೆಲ್ಲ ಮಗು ಸತ್ತ ಮೇಲಿನ ಜ್ಞಾನ. ಬದುಕಿರುವ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಹೇಳಲು ವೈದ್ಯರ ಬಳಿ ಹೆಚ್ಚೇನೂ ಇರಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಎಂಬುದಷ್ಟೆ.

ಈ ಸ್ಥಿತಿ ಬದಲಾದುದು ಕೆಲವೇ ವರ್ಷಗಳಲ್ಲಿ. ೧೯೩೮ರ ಆಗಸ್ಟಿನಲ್ಲಿ ಬಾಸ್ಟನ್ನಿನ ರಾಬರ್ಟ್ ಗ್ರಾಸ್ ಎಂಬ ತರುಣ ಶಸ್ತ್ರವೈದ್ಯರು, ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾಗಿದ್ದು ಮುಚ್ಚದೆ ಉಳಿದ ನಾಳವೊಂದನ್ನು ಏಳು ವರ್ಷದ ಹುಡುಗಿಯ ಎದೆಯಲ್ಲಿ ಕಟ್ಟಿ ನಿಲ್ಲಿಸಿದರು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಹೃದ್ರೋಗಗಳನ್ನು ನೋಡುತ್ತಿದ್ದ ಹೆಲೆನ್ ಟಾಸಿಗ್ ಅವರಿಗೆ ಇದರಿಂದ ಒಂದು ವಿಪರೀತ ಯೋಚನೆ ಹೊಳೆಯಿತು: ಇಂಥ ನಾಳವನ್ನು ಮುಚ್ಚಬಹುದಾದರೆ ನೀಲಿ ಶಿಶುಗಳಲ್ಲಿ ಹೊಸದಾಗಿ ಕಟ್ಟಲೇಕೆ ಆಗದು? ಟಾಸಿಗ್ ಅವರಿಗೆ ಕಿವಿ ಮಂದವಾಗಿತ್ತು. ಮಕ್ಕಳ ಎದೆಯ ಮೇಲೆ ಕೈಯಿಟ್ಟು ಬಡಿತವನ್ನು ಬೆರಳಿನಿಂದಲೇ ತಿಳಿಯುತ್ತಿದ್ದರು. ಅದೇ ಆಸ್ಪತ್ರೆಯ ಆಲ್ಫ್ರೆಡ್ ಬ್ಲೇಲಾಕ್ ಈ ಕೆಲಸಕ್ಕೆ ಒಪ್ಪಿದರು. ನಾಯಿಗಳ ಮೇಲೆ ಪ್ರಯೋಗ ನಡೆಸಿ ವಿಧಾನವನ್ನು ಸಿದ್ಧಗೊಳಿಸಿದವರು ವಿವಿಯನ್ ಥಾಮಸ್ ಎಂಬ ಕರಿಯ ಜನಾಂಗದ ಪ್ರಯೋಗಶಾಲಾ ಸಹಾಯಕರು. ಅವರಿಗೆ ಸಲ್ಲಬೇಕಾದ ಗೌರವ ಬಹುಕಾಲ ಸಲ್ಲಲಿಲ್ಲ. ೧೯೪೪ರ ನವೆಂಬರ್ ೨೯ರಂದು ಹದಿನೈದು ತಿಂಗಳಿನ, ತೀರ ಕಡಿಮೆ ತೂಕದ ಹೆಣ್ಣುಮಗುವಿನ ಮೇಲೆ ಮೊದಲ ಶಸ್ತ್ರಕ್ರಿಯೆ ನಡೆಯಿತು. ಮಗು ಚೇತರಿಸಿಕೊಂಡಿತು, ಆದರೆ ಕೆಲವು ತಿಂಗಳುಗಳ ಮೇಲೆ ರೋಗ ಮರುಕಳಿಸಿ ಬದುಕುಳಿಯಲಿಲ್ಲ. ಮೂರನೆಯ ರೋಗಿಯಾದ ಆರು ವರ್ಷದ ಹುಡುಗನ ತುಟಿಗಳು ಮಾತ್ರ ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ಕೆಂಪಾದುದನ್ನು ಕೊಠಡಿಯಲ್ಲಿದ್ದವರೆಲ್ಲರೂ ಕಂಡರು.

೧೯೪೫ರ ಮೇ ತಿಂಗಳಿನಲ್ಲಿ ಈ ವೃತ್ತಾಂತ ಪ್ರಕಟವಾದ ಮೇಲೆ ಅನೇಕ ದೇಶಗಳ ತಾಯ್ತಂದೆಗಳು ಬಾಲ್ಟಿಮೋರಿನ ದಾರಿ ಹಿಡಿದರು. ವೈದ್ಯಚರಿತ್ರಕಾರರು ಇದನ್ನು ವಿಜಯದ ಸಾಕ್ಷ್ಯವಾಗಿ ಬರೆಯುತ್ತಾರೆ, ವಿಜಯವೂ ಹೌದು. ಆದರೆ ನನ್ನ ದೃಷ್ಟಿಯಲ್ಲಿ ಇಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಉಪಾಯವಿಲ್ಲದಿದ್ದ ಕಾಲದಲ್ಲಿ ತಂದೆಗೂ ತಾಯಿಗೂ ಅಳುವುದೊಂದೇ ಉಳಿದಿತ್ತು. ತೀರ್ಮಾನ ಮಾಡುವ ಹೊಣೆ ಇರಲಿಲ್ಲ. ಉಪಾಯವೊಂದು ಬಂದೊಡನೆ ಆಸೆಯೊಡನೆ ಹೊಣೆಯೂ ಬಂದಿತು. ಒಪ್ಪಿದರೆ ಮಗು ಮೇಜಿನ ಮೇಲೆಯೇ ಹೋಗಬಹುದು. ಒಪ್ಪದಿದ್ದರೆ ನಿಧಾನವಾಗಿ ಕಣ್ಣೆದುರಿಗೇ ಹೋಗುತ್ತದೆ. ಮಗು ತೀರಿಕೊಂಡರೆ ‘ವಿಧಿ’ ಎಂದು ಹೇಳಿಕೊಳ್ಳುವ ಅವಕಾಶವೂ ಕಿರಿದಾಯಿತು, ಏಕೆಂದರೆ ಒಪ್ಪಿಗೆಯ ಕಾಗದದ ಮೇಲೆ ತಮ್ಮದೇ ಕೈಬರಹವಿತ್ತು.

ಈ ಹೊಣೆ ಎಷ್ಟರ ಮಟ್ಟಿಗೆ ಹೋಗಬಹುದೆಂಬುದಕ್ಕೆ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ೧೯೫೪–೫೫ರಲ್ಲಿ ನಡೆದ ಶಸ್ತ್ರಕ್ರಿಯೆಗಳಿಗಿಂತ ದೊಡ್ಡ ನಿದರ್ಶನವನ್ನು ನಾನು ಕಾಣೆ. ಹೃದಯದ ಒಳಗಿನ ರಂಧ್ರವನ್ನು ಮುಚ್ಚಬೇಕಾದರೆ ಹೃದಯವನ್ನು ತೆರೆಯಬೇಕು. ತೆರೆದಿರುವಷ್ಟು ಹೊತ್ತು ರಕ್ತಪರಿಚಲನೆಯನ್ನು ಬೇರೆ ಯಾವುದಾದರೂ ನಡೆಸಬೇಕು. ಜಾನ್ ಗಿಬ್ಬನ್ ಎಂಬವರು ೧೯೫೩ರ ಮೇ ತಿಂಗಳಿನಲ್ಲಿ ಫಿಲಡೆಲ್ಫಿಯದಲ್ಲಿ ಯಂತ್ರದ ನೆರವಿನಿಂದ ಹದಿನೆಂಟು ವರ್ಷದ ಯುವತಿಯೊಬ್ಬಳಲ್ಲಿ ಈ ಕಾರ್ಯವನ್ನು ಸಾಧಿಸಿದ್ದರು. ಆದರೆ ಆ ಯಂತ್ರ ಇತರ ರೋಗಿಗಳಲ್ಲಿ ಫಲ ಕೊಡಲಿಲ್ಲ. ಆಗ ವಾಲ್ಟನ್ ಲಿಲ್ಲಿಹೈ ಎಂಬ ಶಸ್ತ್ರವೈದ್ಯರು ಯಂತ್ರದ ಬದಲು ಮನುಷ್ಯನನ್ನೇ ಉಪಯೋಗಿಸಬಹುದೆಂದು ಯೋಚಿಸಿದರು. ಮಗುವಿನ ಪಕ್ಕದ ಮೇಜಿನ ಮೇಲೆ ರಕ್ತವರ್ಗ ಹೊಂದುವ ತಂದೆಯನ್ನೋ ತಾಯಿಯನ್ನೋ ಮಲಗಿಸಿ, ಅರಿವಳಿಕೆ ಕೊಟ್ಟು, ತೊಡೆಯ ರಕ್ತನಾಳಗಳಿಗೆ ಕೊಳವೆ ಜೋಡಿಸಿ, ಹಾಲಿನ ಉದ್ಯಮದಲ್ಲಿ ಬಳಕೆಯಲ್ಲಿದ್ದ ಒಂದು ಪಂಪಿನ ಮೂಲಕ ಇಬ್ಬರ ರಕ್ತವನ್ನೂ ಕೂಡಿಸುವುದು ಅವರ ವಿಧಾನ. ಮಗುವಿನ ಹೃದಯ ತೆರೆದಿರುವಷ್ಟು ಹೊತ್ತೂ ಹೆತ್ತವರ ಹೃದಯವೂ ಶ್ವಾಸಕೋಶಗಳೂ ಇಬ್ಬರಿಗಾಗಿ ಕೆಲಸ ಮಾಡಬೇಕು. ಒಂದೇ ಶಸ್ತ್ರಕ್ರಿಯೆಯಲ್ಲಿ ನೂರಕ್ಕೆ ಇನ್ನೂರರಷ್ಟು ಸಾವು ಸಂಭವಿಸಬಹುದಾದ ವಿಧಾನವಿದೊಂದೇ ಎಂದು ಸಮಕಾಲೀನ ವೈದ್ಯರು ಕುಹಕವಾಡಿದರು. ನಮ್ಮ ಭಾಷೆಯಲ್ಲಿ ತಾಯ್ತಂದೆಗಳ ಪ್ರೀತಿಯ ನೆಲೆ ಹೃದಯವಲ್ಲ, ಕರುಳು. ‘ಕರುಳಿನ ಕುಡಿ’ ಎನ್ನುತ್ತೇವೆ. ಆದರೂ ‘ರಕ್ತಸಂಬಂಧ’ವೆಂಬ ಮಾತು ಇಷ್ಟು ಅಕ್ಷರಶಃ ನಡೆದುಬಂದ ಸಂದರ್ಭ ಚರಿತ್ರೆಯಲ್ಲಿ ಬೇರೊಂದು ಇರಲಾರದು.

೧೯೫೪ರ ಮಾರ್ಚ್ ೨೬ರಂದು ಮೊದಲ ಬಾರಿಗೆ ಇದನ್ನು ನಡೆಸಿದಾಗ ಮಗುವಿಗೆ ಹದಿಮೂರು ತಿಂಗಳು. ಆ ದಂಪತಿಗಳ ಹಿರಿಯ ಮಗಳೊಬ್ಬಳು ಕೆಲವು ವರ್ಷಗಳ ಹಿಂದೆ ಹೃದಯದ ದೋಷದಿಂದಲೇ ತೀರಿಕೊಂಡಿದ್ದಳು. ಅವರು ಒಪ್ಪಿದುದನ್ನು ಕೇವಲ ವೈದ್ಯರ ಮೇಲಿನ ನಂಬಿಕೆಯೆಂದು ತಿಳಿಯುವುದು ತಪ್ಪಾಗುತ್ತದೆ. ಒಮ್ಮೆ ಕೈಕಟ್ಟಿ ನೋಡಿದ್ದವರು ಮತ್ತೊಮ್ಮೆ ನೋಡಲಾರದೆ ಒಪ್ಪಿದರೆಂದು ಊಹಿಸಬಹುದು. ತಂದೆ ಪಕ್ಕದ ಮೇಜಿನ ಮೇಲೆ ಮಲಗಿದರು. ರಂಧ್ರ ಮುಚ್ಚಿತು. ಆದರೆ ಹನ್ನೊಂದು ದಿನಗಳ ಮೇಲೆ ಮಗು ನ್ಯುಮೋನಿಯದಿಂದ ತೀರಿಕೊಂಡಿತು. ಮುಂದಿನ ತಿಂಗಳಿನಲ್ಲಿ ನಡೆದ ಶಸ್ತ್ರಕ್ರಿಯೆಗಳಲ್ಲಿ ಮಕ್ಕಳು ಬದುಕಿ ಮನೆಗೆ ಹೋದರು. ಒಟ್ಟು ೪೫ ಮಕ್ಕಳಲ್ಲಿ ೨೮ ಮಂದಿ ಆಸ್ಪತ್ರೆಯಿಂದ ಜೀವಸಹಿತ ಹೊರಬಂದರು. ಅವರಲ್ಲಿ ೨೨ ಮಂದಿ ಮೂವತ್ತು ವರ್ಷಗಳ ತರುವಾಯವೂ ಬದುಕಿದ್ದರು. ರಕ್ತಪರಿಚಲನೆ ಕೊಟ್ಟವರಲ್ಲಿ ಯಾರೂ ಸಾಯಲಿಲ್ಲ. ಆದರೆ ೧೯೫೪ರ ಅಕ್ಟೋಬರಿನಲ್ಲಿ ಒಬ್ಬ ತಾಯಿಯ ರಕ್ತನಾಳಕ್ಕೆ ಗಾಳಿ ಹೊಕ್ಕು ಮಿದುಳಿಗೆ ಶಾಶ್ವತವಾದ ಹಾನಿಯಾಯಿತು. ಶಸ್ತ್ರವೈದ್ಯದ ಗ್ರಂಥಗಳಲ್ಲಿ ಈ ಘಟನೆಗೆ ಸಾಮಾನ್ಯವಾಗಿ ಒಂದು ವಾಕ್ಯ ಮೀಸಲು. ೧೯೫೫ರಲ್ಲಿ ರಿಚರ್ಡ್ ಡಿವಾಲ್ ಅವರೊಡನೆ ಲಿಲ್ಲಿಹೈ ಸುಲಭವಾದ ಯಂತ್ರವೊಂದನ್ನು ರೂಪಿಸಿದ ಮೇಲೆ ತಾಯ್ತಂದೆಗಳು ಮೇಜಿನಿಂದ ಎದ್ದು ಪುನಃ ಹೊರಗಿನ ಬೆಂಚಿಗೆ ಬಂದರು.

ಆ ಬೆಂಚಿನ ಚರಿತ್ರೆಯೂ ಸಾಮಾನ್ಯವಾದುದಲ್ಲ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಇಪ್ಪತ್ತನೆಯ ಶತಮಾನದ ಮಧ್ಯಭಾಗದ ವರೆಗೆ ಮಗುವನ್ನು ಒಳಗೆ ಒಪ್ಪಿಸಿದ ಮೇಲೆ ತಾಯಿ ವಾರದಲ್ಲಿ ಒಂದೆರಡು ಗಂಟೆ ಮಾತ್ರ ನೋಡಬಹುದಾಗಿತ್ತು. ತಾಯಿ ಬಂದುಹೋದರೆ ಮಗು ಅಳುತ್ತದೆ, ಅತ್ತರೆ ವಾರ್ಡಿನ ಶಿಸ್ತು ಕೆಡುತ್ತದೆ, ಸೋಂಕು ತಗಲುತ್ತದೆ ಎಂಬುದು ಕಾರಣ. ನ್ಯೂಕ್ಯಾಸಲ್ಲಿನ ಜೇಮ್ಸ್ ಸ್ಪೆನ್ಸ್ ಮಾತ್ರ ೧೯೨೦ರ ದಶಕದಿಂದಲೇ ತಾಯಂದಿರನ್ನು ಮಕ್ಕಳೊಡನೆ ಸೇರಿಸಿಕೊಳ್ಳುತ್ತಿದ್ದರು. ಜೇಮ್ಸ್ ರಾಬರ್ಟ್‌ಸನ್ ಎಂಬವರು ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳ ದಿನಗಳನ್ನು ಚಲನಚಿತ್ರವಾಗಿ ಹಿಡಿದು ೧೯೫೨ರಲ್ಲಿ ಲಂಡನ್ನಿನ ವೈದ್ಯರ ಸಭೆಯ ಮುಂದಿಟ್ಟರು. ಆ ಮಗು ಗಟ್ಟಿಯಾಗಿ ಅಳುವುದಿಲ್ಲ; ಸುಮ್ಮನಾಗಿಬಿಡುತ್ತದೆ. ವಾರ್ಡುಗಳಲ್ಲಿ ‘ಒಗ್ಗಿಕೊಂಡಿದೆ’ ಎಂದು ಕರೆಯುತ್ತಿದ್ದ ಸ್ಥಿತಿ ವಸ್ತುತಃ ನಿರಾಶೆಯೆಂದು ರಾಬರ್ಟ್‌ಸನ್ ಹೇಳಿದಾಗ ಸಭೆಯಲ್ಲಿ ಅನೇಕರು ಸಿಟ್ಟಾದರು. ೧೯೫೯ರಲ್ಲಿ ಸರ್ ಹ್ಯಾರಿ ಪ್ಲ್ಯಾಟ್ ಅವರ ಸಮಿತಿ ತಾಯ್ತಂದೆಗಳಿಗೆ ಯಾವಾಗ ಬೇಕಾದರೂ ಪ್ರವೇಶವಿರಬೇಕೆಂದೂ ಎಳೆಯ ಮಕ್ಕಳೊಡನೆ ತಾಯಿ ಉಳಿಯುವ ಏರ್ಪಾಡಾಗಬೇಕೆಂದೂ ಶಿಫಾರಸು ಮಾಡಿತು. ವರದಿ ಕಾಗದದ ಮೇಲೆಯೇ ಉಳಿಯುವ ಲಕ್ಷಣ ಕಂಡಾಗ ೧೯೬೧ರಲ್ಲಿ ಲಂಡನ್ನಿನ ಬ್ಯಾಟರ್ಸಿ ಭಾಗದ ಕೆಲವು ತಾಯಂದಿರು ಸಂಘವೊಂದನ್ನು ಕಟ್ಟಿ ಆಸ್ಪತ್ರೆ ಆಸ್ಪತ್ರೆಗೆ ಹೋಗಿ ಕೇಳತೊಡಗಿದರು.

ನಮ್ಮ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಹೋರಾಟದ ಅಗತ್ಯವೇ ಬೀಳಲಿಲ್ಲವೆಂಬುದು ಗಮನಾರ್ಹ. ತಾಯಿ ಮಂಚದ ಕೆಳಗೆ ಚಾಪೆ ಹಾಸಿ ಮಲಗುವುದು, ಅಜ್ಜಿ ಫ್ಲಾಸ್ಕಿನಲ್ಲಿ ಹಾಲು ಹಿಡಿದು ಬಾಗಿಲಲ್ಲಿ ಕಾಯುವುದು ನಮಗೆ ಚಿರಪರಿಚಿತವಾದ ದೃಶ್ಯ. ಇದು ನಮ್ಮ ಆಸ್ಪತ್ರೆಗಳ ಉದಾರತೆಯೆಂದು ಹೆಮ್ಮೆಪಡುವಂತಿಲ್ಲ. ದಾದಿಯರ ಕೊರತೆಯನ್ನು ಮನೆಯವರು ತುಂಬುತ್ತಿದ್ದರು, ಅಷ್ಟೆ. ಆದರೂ ಯುರೋಪು ವರದಿಗಳ ಮೂಲಕ ಪಡೆದುದು ನಮಗೆ ಬಡತನದಿಂದ ದೊರೆತಿತ್ತು. ವಿಪರ್ಯಾಸವೆಂದರೆ, ಶಸ್ತ್ರಕ್ರಿಯೆಯ ಅನಂತರ ಮಗುವನ್ನಿಡುವ ತೀವ್ರನಿಗಾ ಘಟಕಗಳು ನಮ್ಮಲ್ಲಿ ಬಂದ ಮೇಲೆ ಗಾಜಿನ ಬಾಗಿಲೊಂದು ತಾಯಿಗೂ ಮಗುವಿಗೂ ನಡುವೆ ಹೊಸದಾಗಿ ನಿಂತಿದೆ.

ತಾಯ್ತಂದೆಗಳ ಮನಸ್ಸನ್ನೇ ಕುರಿತ ಅಧ್ಯಯನಗಳು ೧೯೬೦ರ ದಶಕದಿಂದ ಈಚೆಗೆ ಒಂದೊಂದಾಗಿ ಬಂದವು. ಸೋಲ್ನಿಟ್ ಮತ್ತು ಸ್ಟಾರ್ಕ್ ಎಂಬವರು ೧೯೬೧ರಲ್ಲಿ ಬರೆದ ಪ್ರಬಂಧದ ಮುಖ್ಯ ವಿಚಾರವಿದು: ಊನವುಳ್ಳ ಮಗು ಹುಟ್ಟಿದಾಗ, ಮಗು ಬದುಕಿದ್ದರೂ, ತಾಯಿ ಒಂದು ಸಾವಿನ ಶೋಕವನ್ನು ಅನುಭವಿಸುತ್ತಾಳೆ, ಸತ್ತಿರುವುದು ಒಂಬತ್ತು ತಿಂಗಳು ಅವಳು ಮನಸ್ಸಿನಲ್ಲಿ ಹೊತ್ತಿದ್ದ, ಆರೋಗ್ಯವಂತವಾದ ಇನ್ನೊಂದು ಮಗು. ಆ ಶೋಕಕ್ಕೆ ಸೂತಕವಿಲ್ಲ, ಕರ್ಮಾಂತರವಿಲ್ಲ, ಬಂದು ಮಾತನಾಡಿಸುವ ನೆಂಟರಿಲ್ಲ. ಅದೇ ಹೊತ್ತಿನಲ್ಲಿ ತೊಟ್ಟಿಲಲ್ಲಿರುವ ಮಗುವಿಗೆ ಹಾಲೂಡಬೇಕು. ೧೯೭೫ರಲ್ಲಿ ಡ್ರೋಟರ್ ಮತ್ತು ಅವರ ಸಂಗಡಿಗರು ಈ ಅನುಭವವನ್ನು ಆಘಾತ, ನಂಬಲೊಲ್ಲದಿರುವುದು, ದುಃಖ ಮತ್ತು ಕೋಪ, ಹೊಂದಿಕೆ, ಪುನರ್ವ್ಯವಸ್ಥೆ ಎಂಬ ಐದು ಘಟ್ಟಗಳಾಗಿ ವಿಂಗಡಿಸಿದರು. ಪಾಠ ಹೇಳುವವರಿಗೆ ಈ ವಿಂಗಡಣೆ ಅನುಕೂಲವೇ ಸರಿ. ಆದರೆ ಗಂಡ ಒಂದು ಘಟ್ಟದಲ್ಲಿದ್ದು ಹೆಂಡತಿ ಇನ್ನೊಂದರಲ್ಲಿರುವುದೂ, ಎರಡನೆಯ ಶಸ್ತ್ರಕ್ರಿಯೆಯ ಕಾಗದ ಬಂದೊಡನೆ ಇಬ್ಬರೂ ಮೊದಲನೆಯದಕ್ಕೆ ಮರಳುವುದೂ ಉಂಟು.

ಇವುಗಳಿಗಿಂತ ನನಗೆ ಹೆಚ್ಚು ಬೆಲೆಯುಳ್ಳವಾಗಿ ಕಂಡಿರುವುವು ಬೇರೆ ಎರಡು. ೧೯೬೪ರಲ್ಲಿ ಗ್ರೀನ್ ಮತ್ತು ಸೋಲ್ನಿಟ್ ಅವರು, ಬದುಕಲಾರವೆಂದು ಒಮ್ಮೆ ಕೈಬಿಟ್ಟು ಆಮೇಲೆ ಗುಣಹೊಂದಿದ ೨೫ ಮಕ್ಕಳ ವಿಚಾರ ಬರೆದರು. ಮಗು ಗುಣವಾಗಿತ್ತು; ಹೆತ್ತವರ ಭಯ ಗುಣವಾಗಿರಲಿಲ್ಲ. ರಾತ್ರಿ ಎದ್ದೆದ್ದು ಉಸಿರು ನೋಡುವುದು, ಗದರಿಸಲು ಹೆದರುವುದು, ಶಾಲೆಗೆ ಕಳುಹಿಸಲು ಹಿಂಜರಿಯುವುದು ಇವೆಲ್ಲ ವರ್ಷಗಳ ಕಾಲ ಮುಂದುವರಿದು ಮಗುವಿನ ನಡತೆಯನ್ನೇ ಬದಲಿಸಿದ್ದವು. ಲಿಂಡೆ ಎಂಬ ವೈದ್ಯರೂ ಅವರ ಜೊತೆಗಾರರೂ ೧೯೬೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಾಯಿಯ ಕಳವಳ ಮಗುವಿನ ಹೃದ್ರೋಗದ ತೀವ್ರತೆಗೆ ಅನುಗುಣವಾಗಿರಲಿಲ್ಲವೆಂದು ಕಂಡುಬಂದಿತು. ರೋಗವಿದೆಯೆಂಬ ತಿಳಿವೇ ಸಾಕಾಗಿತ್ತು. ‘ಸಣ್ಣ ರಂಧ್ರ, ಚಿಂತೆಯಿಲ್ಲ’ ಎಂದು ಹೇಳಿ ಕಳುಹಿಸುವ ವೈದ್ಯರು ಇದನ್ನು ಅವಶ್ಯವಾಗಿ ಗಮನಿಸಬೇಕು. ಹೃದಯವೆಂಬ ಶಬ್ದ ಕಿವಿಗೆ ಬಿದ್ದಮೇಲೆ ‘ಸಣ್ಣ’ ಎಂಬ ವಿಶೇಷಣ ಕೇಳಿಸುವುದಿಲ್ಲ. ೨೦೧೭ರಲ್ಲಿ ಆ ವರೆಗಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆದ ಪರಿಶೀಲನೆಯೊಂದರ ಪ್ರಕಾರ ಗಂಭೀರ ಹುಟ್ಟು ಹೃದ್ರೋಗದ ಮಕ್ಕಳ ತಾಯ್ತಂದೆಗಳಲ್ಲಿ ನೂರಕ್ಕೆ ೩೦ರ ವರೆಗೆ, ಯುದ್ಧದಿಂದ ಮರಳಿದ ಸೈನಿಕರಲ್ಲಿ ಕಾಣುವಂಥ ಆಘಾತೋತ್ತರ ಮನೋವ್ಯಾಧಿಯ ಲಕ್ಷಣಗಳಿದ್ದವು. ಖಿನ್ನತೆ ಅಥವಾ ಆತಂಕದ ಲಕ್ಷಣಗಳು ನೂರಕ್ಕೆ ೨೫ರಿಂದ ೫೦ ಮಂದಿಯಲ್ಲಿದ್ದವು.

‘ನಾನೇನು ತಪ್ಪು ಮಾಡಿದೆ?’ ಎಂಬ ಪ್ರಶ್ನೆ ಎಲ್ಲ ದೇಶದ ತಾಯಂದಿರದೂ ಹೌದು. ಅದಕ್ಕೆ ಒದಗುವ ಉತ್ತರಗಳು ಮಾತ್ರ ದೇಶಕ್ಕೆ ತಕ್ಕಂತೆ ಇರುತ್ತವೆ. ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದಳು, ಪೂರ್ವಜನ್ಮದ ಪಾಪ, ದೃಷ್ಟಿ ತಗಲಿತು, ಸೊಸೆಯ ಕಾಲ್ಗುಣ ಸರಿಯಿಲ್ಲ ಎಂಬ ನಮ್ಮ ಮಾತುಗಳಲ್ಲಿ ಹೆಚ್ಚಿನವು ಹೆಂಗಸಿನ ಮೇಲೆಯೇ ಬಂದು ಬೀಳುತ್ತವೆ. ವಿಜ್ಞಾನ ಬಂದು ಈ ಭಾರವನ್ನು ಪೂರ್ತಿ ಇಳಿಸಿತೆಂದೂ ಹೇಳಲಾಗದು. ಬಸುರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಜ್ವರ ಬಂದರೆ ಶಿಶುವಿನ ಕಣ್ಣಿಗೂ ಹೃದಯಕ್ಕೂ ಕೇಡೆಂದು ಆಸ್ಟ್ರೇಲಿಯದ ನಾರ್ಮನ್ ಗ್ರೆಗ್ ೧೯೪೧ರಲ್ಲಿ ತೋರಿಸಿದರು. ಅದರಿಂದ ಮುಂದೆ ಲಸಿಕೆ ಬಂದು ಅಸಂಖ್ಯ ಮಕ್ಕಳಿಗೆ ಉಪಕಾರವಾಯಿತು. ಆದರೆ ಜ್ವರ ಬಂದಿದ್ದ ತಾಯಿಗೆ ಗ್ರಹಣದ ಬದಲು ಜ್ವರ ಕಾರಣವಾಯಿತು, ಅಷ್ಟೆ. ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರು ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಹುಟ್ಟು ಹೃದ್ರೋಗ ಹೆಚ್ಚೆಂದು ಕಂಡುಬಂದಿತು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವುದು ಹಳೆಯ ರೂಢಿಯಾಗಿರುವ ನಮ್ಮ ನಾಡಿನಲ್ಲಿ ಈ ತಿಳಿವು ಅಗತ್ಯ. ಆದರೆ ಮದುವೆಯನ್ನು ನಿಶ್ಚಯಿಸಿದವರು ಹಿರಿಯರು. ವೈದ್ಯರ ಎದುರಿಗೆ ತಲೆತಗ್ಗಿಸಿ ಕುಳಿತುಕೊಳ್ಳುವವಳು ಹುಡುಗಿ. ಬಹುಪಾಲು ಶಿಶುಗಳಲ್ಲಿ ಯಾವ ಒಂದು ಕಾರಣವನ್ನೂ ಬೆರಳಿಟ್ಟು ತೋರಿಸಲಾಗದೆಂಬ ಮಾತನ್ನು ಅವಳಿಗೆ ಸ್ಪಷ್ಟವಾಗಿ, ಅತ್ತೆಮಾವಂದಿರೂ ಕೇಳುವಂತೆ, ಹೇಳುವುದು ಚಿಕಿತ್ಸೆಯ ಒಂದು ಭಾಗವೆಂದೇ ನಾನು ಭಾವಿಸುತ್ತೇನೆ.

ತಾಯ್ತಂದೆಗಳ ದುಃಖ ಸಾರ್ವಜನಿಕ ದಾಖಲೆಯಾಗಿ ವಿಪುಲವಾಗಿ ಉಳಿದಿರುವುದು ಬ್ರಿಸ್ಟಲ್ ನಗರದ ಪ್ರಕರಣದಲ್ಲಿ. ಅಲ್ಲಿನ ಆಸ್ಪತ್ರೆಯಲ್ಲಿ ೧೯೮೪ರಿಂದ ೧೯೯೫ರ ವರೆಗೆ ನಡೆದ ಮಕ್ಕಳ ಹೃದಯ ಶಸ್ತ್ರಕ್ರಿಯೆಗಳ ಬಗ್ಗೆ ಇಯಾನ್ ಕೆನಡಿ ಅವರ ಅಧ್ಯಕ್ಷತೆಯಲ್ಲಿ ವಿಚಾರಣೆ ನಡೆದು ೨೦೦೧ರ ಜುಲೈಯಲ್ಲಿ ವರದಿ ಹೊರಬಿತ್ತು. ೧೯೯೧ರಿಂದ ೧೯೯೫ರ ಅವಧಿಯಲ್ಲಿ ಒಂದು ವರ್ಷದೊಳಗಿನ ೩೦ರಿಂದ ೩೫ ಶಿಶುಗಳು, ಇತರ ಕೇಂದ್ರಗಳಲ್ಲಿ ನಿರೀಕ್ಷಿಸಬಹುದಾದುದಕ್ಕಿಂತ ಹೆಚ್ಚಾಗಿ ಅಲ್ಲಿ ಸತ್ತಿದ್ದವೆಂದು ಸಮಿತಿ ನಿರ್ಣಯಿಸಿತು. ವಿಚಾರಣೆಗೆ ಕಾರಣರಾದವರಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯ್ತಂದೆಗಳೂ ಒಬ್ಬರು. ಸಾಕ್ಷ್ಯ ನಡೆಯುತ್ತಿದ್ದಾಗಲೇ, ೧೯೯೯ರಲ್ಲಿ, ಶವಪರೀಕ್ಷೆಯ ಅನಂತರ ಮಕ್ಕಳ ಹೃದಯಗಳನ್ನು ಹೆತ್ತವರಿಗೆ ತಿಳಿಸದೆ ಆಸ್ಪತ್ರೆಗಳು ಇರಿಸಿಕೊಂಡಿದ್ದ ಸಂಗತಿ ಬಯಲಿಗೆ ಬಂದಿತು. ವೈದ್ಯರಿಗೆ ಅದು ಆಬಟ್ ಅವರ ಕಾಲದಿಂದ ನಡೆದುಬಂದ ಅಧ್ಯಯನಸಾಮಗ್ರಿ. ತಾಯಿಗೆ ಅದು ತಾನು ಮಣ್ಣು ಮಾಡಿದೆನೆಂದು ತಿಳಿದಿದ್ದ ಮಗು. ಹೃದಯವನ್ನು ಪಡೆದು ಎರಡನೆಯ ಸಲ ಅಂತ್ಯಕ್ರಿಯೆ ನಡೆಸಿದವರಿದ್ದರು. ಬ್ರಿಟನ್ನಿನ ೨೦೦೪ರ ಮಾನವ ಅಂಗಾಂಶ ಶಾಸನಕ್ಕೆ ಮೂಲ ಇಂಥ ಪ್ರಕರಣಗಳಲ್ಲಿದೆ. ಒಪ್ಪಿಗೆ ಎಂಬ ಶಬ್ದಕ್ಕೆ ೧೯೪೪ರಲ್ಲಿದ್ದ ಅರ್ಥಕ್ಕೂ ೨೦೦೪ರಲ್ಲಿ ಬಂದ ಅರ್ಥಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳು ಈ ವರದಿಯಿಂದ ಅಳೆಯಬಹುದು.

ಕರ್ಣಾಟಕದ ವಿಷಯದಲ್ಲಿ ಇಂಥ ದಾಖಲೆ ಇನ್ನೂ ತೀರ ವಿರಳ. ೧೯೪೯ರಲ್ಲಿ ರೀವ್ ಬೆಟ್ಸ್ ಅವರು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯ ಕಾಲೇಜಿನಲ್ಲಿ ಎದೆಯ ಶಸ್ತ್ರಚಿಕಿತ್ಸೆಯ ವಿಭಾಗವನ್ನು ಆರಂಭಿಸಿದ ಮೇಲೆ ನಮ್ಮ ಕಡೆಯ ಎಷ್ಟೋ ಕುಟುಂಬಗಳು ನೀಲಿಗಟ್ಟಿದ ಮಗುವನ್ನು ಹೊತ್ತು ವೆಲ್ಲೂರಿನ ರೈಲು ಹತ್ತಿದವು. ೨೦೦೧ರಲ್ಲಿ ವೈಟ್‌ಫೀಲ್ಡಿನಲ್ಲಿ ಹಣ ಪಡೆಯದೆ ಚಿಕಿತ್ಸೆ ನೀಡುವ ಸತ್ಯಸಾಯಿ ಆಸ್ಪತ್ರೆ ತೆರೆಯಿತು; ಬೊಮ್ಮಸಂದ್ರದ ನಾರಾಯಣ ಹೃದಯಾಲಯವೂ ಅದೇ ಕಾಲದ್ದು. ೨೦೦೩ರ ಜುಲೈಯಲ್ಲಿ, ನಿಂತಿದ್ದ ಲಾಹೋರು–ದೆಹಲಿ ಬಸ್ಸು ಮತ್ತೆ ಹೊರಟಾಗ, ಎರಡೂವರೆ ವರ್ಷದ ಹೆಣ್ಣುಮಗುವನ್ನು ಎತ್ತಿಕೊಂಡು ಪಾಕಿಸ್ತಾನದ ದಂಪತಿಗಳು ಅದರಲ್ಲಿ ಬಂದು ಬೊಮ್ಮಸಂದ್ರದಲ್ಲಿ ಶಸ್ತ್ರಕ್ರಿಯೆ ಮಾಡಿಸಿದುದನ್ನು ಎರಡೂ ದೇಶಗಳ ಪತ್ರಿಕೆಗಳು ದಿನವಹಿ ವರದಿ ಮಾಡಿದವು. ಅದು ಉಭಯ ದೇಶಗಳ ಸೌಹಾರ್ದದ ಕಥೆಯಾಗಿ ನೆನಪಿನಲ್ಲುಳಿದಿದೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಿಂದ ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳ ತಪಾಸಣೆ ನಡೆದು ಹುಟ್ಟು ಹೃದ್ರೋಗವೂ ಪತ್ತೆಯಾಗುತ್ತಿದೆ. ಪತ್ತೆಯಾದ ಮಕ್ಕಳ ಸಂಖ್ಯೆಯನ್ನು ತಃಖ್ತೆಗಳು ಹೇಳುತ್ತವೆ. ಜಮೀನು ಅಡವಿಟ್ಟು ಹೋದವರು, ಗಂಡನ ಮನೆಯವರ ಮಾತು ಮೀರಿ ಮಗುವನ್ನು ಬಸ್ಸಿಗೆ ಹತ್ತಿಸಿದ ತಾಯಿ, ಶಸ್ತ್ರಕ್ರಿಯೆ ಬೇಡವೆಂದು ಮರಳಿ ಬಂದು ಮಗುವನ್ನು ಕಳೆದುಕೊಂಡವರು, ಇವರು ಯಾವ ತಃಖ್ತೆಗೂ ಸೇರುವವರಲ್ಲ.

ವೆಲ್ಲೂರಿಗೆ ಹೋಗಿಬಂದ ಮೊದಲ ಪೀಳಿಗೆಯ ತಾಯ್ತಂದೆಗಳಲ್ಲಿ ಬದುಕಿರುವವರಿಗೆ ಈಗ ಎಂಬತ್ತು ದಾಟಿದೆ. ಅವರ ಮಾತನ್ನು ಅವರ ಊರಿನ ಕನ್ನಡದಲ್ಲಿಯೇ ಧ್ವನಿಮುದ್ರಿಸಿ, ಹೆಸರು ಮರೆಸಿ, ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿ ಇಡುವುದು ಒಂದು ಸ್ನಾತಕೋತ್ತರ ತರಗತಿಯ ಶಕ್ತಿಗೆ ಮೀರಿದ ಕೆಲಸವಲ್ಲ. ಕೇಳುವಾಗ ಮಾತ್ರ ಒಂದು ಎಚ್ಚರ ಬೇಕು. ಮಗು ಬದುಕಿದ ಮನೆಗಳ ಬಾಗಿಲು ಸುಲಭವಾಗಿ ತೆರೆಯುತ್ತದೆ. ಆ ಮನೆಗಳಿಂದಲೇ ಸಂಗ್ರಹ ತುಂಬಿದರೆ ಅದು ಪುನಃ ವಿಜಯದ ಕಥೆಯಾಗಿ ಪರಿಣಮಿಸುತ್ತದೆ. ಮಗು ಬದುಕದ ಮನೆಗಳಿಗೂ ಹೋಗಬೇಕಾಗುತ್ತದೆ. ಅಲ್ಲಿ ಮೊದಲ ದಿನವೇ ಪ್ರಶ್ನೆಪತ್ರಿಕೆ ತೆರೆಯುವುದು ಬೇಡ.